ಈರಬಸಪ್ಪನವರ ಮನೆಯ ರಕ್ತ

ಸಂಶಿಯ ಈರಬಸಪ್ಪನವರಿಗೆ ಎತ್ತಿನ ತಳಿಯನ್ನೂ ತಮ್ಮ ಮನೆತನವನ್ನೂ ಒಂದೇ ಉಸಿರಿನಲ್ಲಿ ಹೊಗಳುವ ಚಟ. ಕಟ್ಟೆಗೆ ಕೂತರೆಂದರೆ ಮುತ್ತಜ್ಜನಿಂದ ಶುರು. ಅಜ್ಜನ ಹೆಸರಿಗೇ ತಡವರಿಸುವ ನಮ್ಮಂಥವರು ಎಲೆಅಡಿಕೆ ಜಗಿಯುತ್ತ ಸುಮ್ಮನಿರಬೇಕು. ಆ ರಕ್ತ ಹೊರಗೆ ಹೋಗಬಾರದೆಂದೇ ಅವರು ಮಗ ಮಡಿವಾಳೆಪ್ಪನಿಗೆ ಸ್ವಂತ ತಂಗಿಯ ಮಗಳು ಸುಶೀಲವ್ವನನ್ನು ತಂದುಕೊಂಡಿದ್ದರು.

ಎಪ್ಪತ್ತಾರನೇ ಇಸವಿಯಲ್ಲಿ ಅವರಿಬ್ಬರ ಮಗನ, ಅಂದರೆ ಮೊಮ್ಮಗನ ಹೊಟ್ಟೆ ಡೊಳ್ಳಾಯಿತು, ಕೈಕಾಲು ಕಡ್ಡಿಯಾದವು. ತಾಯತ, ಕಷಾಯ ಎಲ್ಲ ಮುಗಿದ ಮೇಲೆ ಈರಬಸಪ್ಪನವರೇ ರೋಗ ಕಂಡುಹಿಡಿದರು: ಸೊಸೆಯ ರಕ್ತ ಕೆಟ್ಟಿದೆ. ಅವಳನ್ನು ತವರಿಗೆ ಅಟ್ಟಿ ಮಗನಿಗೆ ಇನ್ನೊಂದು ಲಗ್ನ ಮಾಡುವುದೆಂದು ದುಮ್ಮವಾಡದಲ್ಲಿ ಹೆಣ್ಣನ್ನೂ ನೋಡಿ ಬಂದರು. ಡಾಕ್ಟರರ ಬಾಯಿಂದಲೂ ಅದನ್ನೇ ಹೇಳಿಸಿದರೆ ಊರು ಬಾಯಿ ಮುಚ್ಚುತ್ತದೆಂದು ಹುಬ್ಬಳ್ಳಿಗೆ ಹೊರಟರು.

ಡಾಕ್ಟರರು ಹುಡುಗನ ಹೊಟ್ಟೆ ಒತ್ತಿ ನೋಡಿದರು. "ರಕ್ತದ ಕಣದಾಗ ಒಂದ್ ನಮೂನಿ ಕೊಬ್ಬು ಕರಗದ ಉಳಿಯಾಕತ್ತೈತಿ ಅಂತ ಸಂಶೆ ಐತ್ರಿ. ರಕ್ತಾ ಮುಂಬೈಗೆ ಕಳಿಸಿ ಅಳಸೂಣು. ನಾಳೆ ಹುಡುಗನ್ನ ಬರಿಹೊಟ್ಟೀಲೆ ಕರಕೊಂಡು ಬರ್ರಿ."

ಈರಬಸಪ್ಪನವರ ಕಿವಿಗೆ ಬಿದ್ದದ್ದು ಕೊಬ್ಬೊಂದೇ. ಅಳೆಯುತ್ತಾರಂತೆ! ತಮ್ಮ ಮನೆಯ ರಕ್ತ ಮುಂಬೈಯವರ ಮುಂದೆ ಒಣಕಲಾಗಿ ನಿಲ್ಲುವುದೇ? ಮರುದಿನ ಹೋಳಿಗೆಯ ಮೇಲೆ ತುಪ್ಪ ಸುರಿದು ಮೊಮ್ಮಗನಿಗೆ ತಾವೇ ತಿನ್ನಿಸಿದರು.

"ಬರಿಹೊಟ್ಟಿ ಅಂದಾರಲ್ರಿ ಮಾವಾ," ಎಂದಳು ಸುಶೀಲವ್ವ.

"ನಿನಗೇನ್ ತಿಳೀತೈತಿ ಬೇ? ಈ ಮನಿತನ ಎಂದಾದ್ರೂ ಬರಿಹೊಟ್ಟೀಲೆ ಊರು ದಾಟೈತೇನು?"

ಆಸ್ಪತ್ರೆಯಲ್ಲಿ ತೆಗೆದ ರಕ್ತ ಸ್ವಲ್ಪ ಹೊತ್ತು ನಿಂತಾಗ ಕೆಂಪೆಲ್ಲ ಕೆಳಗಿಳಿದು ಮೇಲೆ ಹಾಲಿನಂಥ ನೀರು ತೇಲಿತು. ಈರಬಸಪ್ಪನವರು ಬಾಜೂ ಕೂತವರಿಗೆ ಗಾಜಿನ ನಳಿಗೆ ತೋರಿಸಿದರು. "ನೋಡ್ರಿ, ಹೈನದ ಮನಿ ರಕ್ತ!"

ರಕ್ತ ತೆಗೆಯುವ ಅಬ್ದುಲ್‌ಸಾಬ ಅದನ್ನು ಮೋರಿಗೆ ಸುರಿದ. "ಇದರಾಗ ನಿಮ್ಮ ಹೋಳಿಗೀನ ಕಾಣತೈತ್ರಿ ಕಾಕಾ, ಹುಡುಗ ಕಾಣವಲ್ಲ. ನಾಳೆ ಉಪಾಸ ಕರಕೊಂಡು ಬರ್ರಿ."

ಅಜ್ಜನ ಮರ್ಯಾದೆಗಾಗಿ ಹುಡುಗ ಇನ್ನೊಂದು ಸೂಜಿ ಚುಚ್ಚಿಸಿಕೊಂಡು ಆಸ್ಪತ್ರೆ ಹಾರಿಹೋಗುವಂತೆ ಅತ್ತ. ರಕ್ತ ಮಂಜುಗಡ್ಡೆಯ ಡಬ್ಬಿಯಲ್ಲಿ ರೈಲು ಹತ್ತಿತು.

ಮುಂಬೈಯಿಂದ ಉತ್ತರ ಬಂದ ಮೇಲೆ ಡಾಕ್ಟರರು ಮನೆಮಂದಿಯನ್ನೆಲ್ಲ ಕೂಡಿಸಿಕೊಂಡರು. "ಸಂಶೆ ಖರೇ ಆತ್ರಿ. ಇದಕ್ಕ ಔಷಧ ಇನ್ನೂ ಹುಟ್ಟಿಲ್ಲ."

"ತಾಯಿ ಕಡಿಂದ ಬಂದೈತಿ, ಹೌದಲ್ರಿ?"

"ಒಬ್ಬರ ಕಡಿಂದ ಬಂದ್ರ ಈ ಬ್ಯಾನಿ ಆಗೂದಿಲ್ರಿ ಯಜಮಾನ್ರ. ತಂದೀದೊಂದು ಪಾಲು, ತಾಯೀದೊಂದು ಪಾಲು ಕೂಡಬೇಕು. ಹತ್ತರದ ಸಂಬಂಧ ಏನು?"

ಹೊರಗಿನವರೆದುರು ಎಂದೂ ತುಟಿ ಬಿಚ್ಚದ, ಈರಬಸಪ್ಪನವರ ಹೆಂಡತಿ ಮಲ್ಲಕ್ಕ ಸೆರಗು ಸರಿಮಾಡಿಕೊಂಡಳು. "ಹತ್ತರ ಏನ್ರಿ, ಎರಡೂ ಪಾಲು ಇವರ ಮನೀವ. ಮಗಾನೂ ಇವರವ, ಸೊಸೀನೂ ಇವರ ತಂಗಿ ಮಗಳು. ಹೊರಗಿನಾಕಿ ಅಂದ್ರ ನಾ ಒಬ್ಬಾಕೆ." ಆಮೇಲೆ ಗಂಡನ ಕಡೆ ತಿರುಗಿ, "ಈಕೀನ ತವರಿಗೆ ಕಳಸ್ತೀನಿ ಅಂತೀರಿ. ಈಕೀಗೆ ಆ ರಕ್ತ ಕೊಟ್ಟ ನಿಮ್ಮ ತಂಗೀನ ಯಾವ ತವರಿಗೆ ಕಳಸ್ತೀರಿ?"

ಈರಬಸಪ್ಪನವರು ಊರು ಮುಟ್ಟುವವರೆಗೂ ಬಸ್ಸಿನ ಕಿಟಕಿಯಿಂದ ಎರೆಹೊಲ ನೋಡಿದರು. ಮರುದಿನವೇ ದುಮ್ಮವಾಡಕ್ಕೆ ಬೇಡವೆಂದು ಹೇಳಿಕಳಿಸಿದರು. ಕಟ್ಟೆಯವರು ಕಾರಣ ಕೇಳಿದಾಗ ಮೀಸೆ ತೀಡಿದರು: "ಆ ಮಂದಿ ರಕ್ತ ನಮ್ಮ ರಕ್ತಕ್ಕ ಹೊಂದೂದಿಲ್ರಿ."

ಒಳಗೆ ಸುಶೀಲವ್ವ ಮಗನ ಚಡ್ಡಿಯ ಲಾಡಿಯನ್ನು ಇನ್ನಷ್ಟು ಸಡಿಲು ಮಾಡಿ ಕಟ್ಟುತ್ತಿದ್ದಳು.