ಮಗುಚಲು ಕಲಿತ ಮಲೀಕಸಾಬ

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನೆದುರಿನ ಚಹಾದಂಗಡಿಯಲ್ಲಿ ಮಲೀಕಸಾಬ ತೀರಿಕೊಂಡಾಗ ಮಧ್ಯಾಹ್ನದ ಚಹಾ ಇನ್ನೂ ಆರಿರಲಿಲ್ಲ. ತೊಡೆಗೆ ಪಟ್ಟಿ ಬಿಗಿದುಕೊಂಡು, ಸೊಂಟದವರೆಗೆ ದೋಣಿಯೊಳಗೆ ತನ್ನನ್ನೇ ಮುಚ್ಚಿಕೊಂಡು, ಕೃಷ್ಣೆಯಲ್ಲಿ ತಲೆಕೆಳಗಾಗಿ ಜೀವ ಬಿಟ್ಟನೆಂದು ಅಲ್ಲಿ ತೀರ್ಮಾನವಾಯಿತು. ಬಸ್ಸು ಮಸ್ಕಿ ಮುಟ್ಟುವ ಹೊತ್ತಿಗೆ ಸಾವಿಗೊಂದು ಕಾರಣವೂ ಒದಗಿತ್ತು: ಮನೆಯಲ್ಲಿ ಜಗಳ. ಸಿಂಧನೂರಿನಲ್ಲಿ ಇಳಿದವರು ಹೆಣ ಸಿಕ್ಕಿತೆಂದೂ ಮುಖ ಶಾಂತವಾಗಿತ್ತೆಂದೂ ಸೇರಿಸಿದರು.

ಇವುಗಳಲ್ಲಿ ನಿಜವಾದದ್ದು ಪಟ್ಟಿ ಬಿಗಿದು, ದೋಣಿಸಮೇತ ತಲೆಕೆಳಗಾದದ್ದಷ್ಟೇ. ಊರೂರಲ್ಲಿ ತಾನು ಸಾಯುತ್ತಿದ್ದ ಆ ಹೊತ್ತಿನಲ್ಲಿ ಮಲೀಕಸಾಬ ನದಿದಂಡೆಯ ಬಂಡೆಯ ಮೇಲೆ ಕುಳಿತು, ಮೂಗಿಗೇರಿದ ನೀರನ್ನು ಸೀನಿ ಸೀನಿ ಹೊರಹಾಕುತ್ತಿದ್ದ.

ಕೃಷ್ಣೆಯ ನಡುವಿನ ಗಡ್ಡಿಗೆ, ಅಂದರೆ ನಡುಗಡ್ಡೆಯ ಹಳ್ಳಿಗೆ, ಹರಗೋಲು ಹಾಕುವ ಮನೆತನ ಅವನದು. ಬಿದಿರಿನ ಆ ದುಂಡು ಬುಟ್ಟಿಯಲ್ಲಿ ಎಮ್ಮೆಕರು, ಗೊಬ್ಬರದ ಚೀಲ, ದಿನ ತುಂಬಿದ ಬಸುರಿಯರು, ಮತಯಂತ್ರ ಎಲ್ಲವನ್ನೂ ದಾಟಿಸಿದ್ದ, ಒಮ್ಮೆಯೂ ಮಗುಚಿರಲಿಲ್ಲ. ಗಡ್ಡಿಯಲ್ಲಿ ಇದು ಹೊಗಳಿಕೆಯಲ್ಲ, ಅರ್ಹತೆ. ಒಮ್ಮೆ ಮಗುಚಿದವನ ಹರಗೋಲಿನಲ್ಲಿ ಮದುವೆಯ ದಿಬ್ಬಣ ಕೂರುವುದಿಲ್ಲ. ಎಷ್ಟು ಆಳದಲ್ಲಿ ಮಗುಚಿತು, ಯಾರ ತಪ್ಪಿನಿಂದ ಎಂಬ ವಿಚಾರಣೆಗೆ ಅಲ್ಲಿ ಅವಕಾಶವಿಲ್ಲ. ದಿಬ್ಬಣ ಕೂರದ ಹರಗೋಲಿಗೆ ಸಂತೆಯ ಜನರೂ ಬರಬರುತ್ತ ಕಡಿಮೆಯಾಗುತ್ತಾರೆ.

ಗಡ್ಡಿಗೆ ಸೇತುವೆ ಕಟ್ಟಿಸುವ ಭರವಸೆ ಪ್ರತಿ ಚುನಾವಣೆಗೂ ಬಂದು ಹೋಗುತ್ತಿತ್ತು. ಊರಿಗೆಲ್ಲ ಅದು ಸುಳ್ಳೆಂಬ ಸಿಟ್ಟು. ಮಲೀಕಸಾಬನೊಬ್ಬನಿಗೆ ಎಲ್ಲಿ ನಿಜವಾದೀತೋ ಎಂಬ ಭಯ. ಹಾಗಾಗಿ, ನದಿ ಬಂಡೆಗಳ ನಡುವೆ ನುಗ್ಗಿ ನೊರೆಯೇಳುವ ಜಾಗದಲ್ಲಿ ಪಟ್ಟಣಿಗರ ಮೋಜಿಗೆಂದು ಜಲಕ್ರೀಡೆಯ ಶಿಬಿರವೊಂದು ತೆರೆದು, ನೀರಿಗೆ ಬಿದ್ದವರನ್ನು ಎತ್ತಲು ಆಳು ಬೇಕೆಂದಾಗ, ಮೊದಲು ಹೋಗಿ ನಿಂತವನು ಅವನೇ. ಶರತ್ತು ಒಂದೇ: ಮುಚ್ಚಿದ ದೋಣಿಯನ್ನು ಕಲಿಯಬೇಕು.

ಕಲಿಸುವವಳು ನಂದಿನಿ, ಹಟ್ಟಿಯ ಗಣಿ ಕಾರ್ಮಿಕರೊಬ್ಬರ ಮಗಳು. ದೋಣಿಯೋ, ಮೇಲೆ ಕೆಳಗೆ ಎರಡೂ ಕಡೆ ಮುಚ್ಚಿದ ಉದ್ದನೆಯ ಕಾಯಿಯಂತಹದ್ದು. ನಡುವಿನ ತೂತಿನಲ್ಲಿ ಮಂಡಿಯೂರಿ, ತೊಡೆಗೆ ಪಟ್ಟಿ ಬಿಗಿದು, ನೀರು ನುಗ್ಗದಂತೆ ಸೊಂಟದ ಸುತ್ತಿನ ರಬ್ಬರು ಬಟ್ಟೆಯನ್ನು ತೂತಿನ ಅಂಚಿಗೆ ಸಿಕ್ಕಿಸಿ, ಒಂದೇ ಹುಟ್ಟಿನಿಂದ ನಡೆಸಬೇಕು.

"ಮಂಡಿ ಊರಿ ಕೂಡ್ರೋದು ಭಾಳ ತ್ರಾಸ ಐತ್ರಿ ಕಾಕಾ. ಕಾಲು ಜೋಮು ಹಿಡೀತಾವ."

"ಐದು ಹೊತ್ತು ಮಂಡಿ ಊರಾವಗ ಹೇಳಾಕತ್ತೀಯೇನು ಬೇಟಿ? ಮುಂದಿನ ಪಾಠ ಹೇಳು."

ಮುಂದಿನ ಪಾಠದಲ್ಲಿ ಅವನ ಹಳೆಯ ವಿದ್ಯೆಯೇ ಅಡ್ಡ ಬಂತು. ಹರಗೋಲಿನಲ್ಲಿ ಮಾಡುವಂತೆ ಮುಂದಕ್ಕೆ ಬಾಗಿ ನೀರನ್ನು ಎದೆಯತ್ತ ಎಳೆದ. ದೋಣಿ ಬೀಸುವ ಕಲ್ಲಿನಂತೆ ಸುತ್ತತೊಡಗಿತು. ತಿರುಗುವುದು ಹರಗೋಲಿನ ಸ್ವಭಾವ. ದೋಣಿ ತಿರುಗಿದರೆ ಅದು ಅಂಬಿಗನ ತಪ್ಪು. ಇಷ್ಟನ್ನು ಅವನು ಬೇಗನೆ ಕಲಿತ. ಕಲಿಯದೆ ಉಳಿದದ್ದು ಬೀಳುವುದು. ದೋಣಿ ಮಗುಚಿದರೆ ಬಿಟ್ಟು ಈಜಬಾರದು. ನೀರಿನೊಳಗೇ ಮೈ ಮಡಚಿ, ಹುಟ್ಟನ್ನು ಮೇಲ್ಮೈಗೆ ತಂದು, ಸೊಂಟದ ಒಂದೇ ತಿರುವಿಗೆ ದೋಣಿಸಮೇತ ಎದ್ದು ಕೂರಬೇಕು. ಅದಕ್ಕೆ ಮೊದಲು ಮಗುಚಬೇಕು. ನಂದಿನಿ ದೋಣಿಯನ್ನು ಎಷ್ಟು ಅಲುಗಾಡಿಸಿದರೂ ಮಲೀಕಸಾಬನ ಸೊಂಟ ತಾನಾಗಿ ತೂಕ ಸರಿಮಾಡಿಕೊಳ್ಳುತ್ತಿತ್ತು.

"ಬೀಳ್ರಿ ಕಾಕಾ!"

"ಬೀಳೂದು ಕಲಿಸಾಕ ನಿನಗ ಪಗಾರ ಕೊಡ್ತಾರೇನು?"

"ಬೀಳದನ ಏಳೂದು ಹೆಂಗ ಕಲಿಸ್ಲಿ ಹೇಳ್ರಿ?"

ಕೊನೆಗೆ ಅವನೇ ಒಂದು ಕರಾರು ಹಾಕಿದ: ಗಡ್ಡಿಯವರು ಉಂಡು ಮಲಗುವ ಉರಿಬಿಸಿಲಿನಲ್ಲಿ, ಬಂಡೆಗಳ ಮರೆಯ ಮಡುವಿನಲ್ಲಿ, ಯಾರಿಗೂ ಕಾಣದಂತೆ ಬೀಳುವುದು. ಬಿದ್ದ. ಪ್ರತಿ ಸಲವೂ ಸೊಂಟಕ್ಕಿಂತ ಮೊದಲು ತಲೆಯೆತ್ತಿ, ಏಳುತ್ತಿದ್ದ ದೋಣಿಯನ್ನು ಮತ್ತೆ ಕೆಡವಿಕೊಂಡ.

"ತಲಿ ಕಡೀಕ ಎತ್ರಿ ಕಾಕಾ. ತಲಿ ತಗ್ಗಿಸಿದ್ರನ ದೋಣಿ ಏಳ್ತದ."

"ತಲಿ ತಗ್ಗಿಸಿ ರೂಢಿ ಇಲ್ಲವ್ವಾ ನನಗ."

ಕಳೆದುಹೋದ ಮೇಕೆಯನ್ನು ಹುಡುಕುತ್ತ ಗಡ್ಡಿಯ ಗದ್ದೆಪ್ಪ ಆ ಬಂಡೆಗಳನ್ನು ಹತ್ತಿದ್ದು ಅಂಥದೊಂದು ಮಧ್ಯಾಹ್ನ. ಕಂಡದ್ದು ದಂಡೆಯಲ್ಲಿ ಮಲೀಕಸಾಬನ ರುಮಾಲು, ನೀರಿನ ಮೇಲೆ ದೋಣಿಯ ಹೊಟ್ಟೆ, ಮನುಷ್ಯನಿಲ್ಲ. ಮನುಷ್ಯ ಪಟ್ಟಿ ಬಿಚ್ಚಿಕೊಂಡು ಉಗುಳುತ್ತ ಮೇಲೆ ಬರುವಷ್ಟರಲ್ಲಿ ಗದ್ದೆಪ್ಪ ಮೇಕೆಯನ್ನೂ ಮರೆತು ರಸ್ತೆ ಮುಟ್ಟಿದ್ದ. ಮುಂದಿನದನ್ನು ಚಹಾದಂಗಡಿ ನೋಡಿಕೊಂಡಿತು.

ಸುದ್ದಿ ಶಿಬಿರಕ್ಕೂ ಬಂದಾಗ ನಂದಿನಿ ಉಪಾಯ ಹೇಳಿದಳು: "ಖಾಲಿ ದೋಣಿ ತೊಳ್ಯಾಕ ಬೋರಲ ಹಾಕಿದ್ವಿ ಅಂತ ಹೇಳಿಬಿಡ್ರಿ. ಮುಂದಿನ ವಾರ ಗದ್ದೆಪ್ಪನ ಮಗಳ ದಿಬ್ಬಣ ನೀವ ದಾಟಸಬೇಕಲ್ಲ." ಮಾತು ಹಿಡಿಸಿತು. ಹರಗೋಲು ಹಾಕುತ್ತ ದಾರಿಯುದ್ದಕ್ಕೂ ಮಲೀಕಸಾಬ ಆ ಸುಳ್ಳನ್ನು ಬಾಯಿಪಾಠ ಮಾಡಿದ.

ಮನೆಯ ಮುಂದೆ ಜನ ನೆರೆದಿತ್ತು. ಹೆಂಡತಿ ರಮಜಾನಬಿಯನ್ನು ಹೆಂಗಸರು ಹಿಡಿದುಕೊಂಡಿದ್ದರು. ಗದ್ದೆಪ್ಪ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದ: "ಎಂಥಾ ಮನಷ್ಯಾ! ಒಂದ ದಿನಾ ಮಗುಚಿದಾವಲ್ಲ." ಯಾರೋ "ಹೌದೌದು, ಮಗುಚಿದಾವಲ್ಲ" ಎಂದರು. ಜನರ ಬೆನ್ನ ಹಿಂದೆ ನಿಂತ ಮಲೀಕಸಾಬ ಇನ್ನೂ ಏನಾದರೂ ಹೇಳಿಯಾರೆಂದು ಕಾದ. ಇನ್ನೇನೂ ಬರಲಿಲ್ಲ. ಇಷ್ಟು ವರ್ಷ ಬದುಕಿದ್ದಕ್ಕೆ ಸಿಕ್ಕ ಚರಮಗೀತೆ ಅದೊಂದೇ ಸಾಲು.

"ಮಗುಚೀನಿ," ಎಂದ.

ಕಿರುಚಾಟ, ಅಪ್ಪುಗೆ, "ಅಲ್ಲಾ ದೊಡ್ಡಾವ" ಎಲ್ಲ ಮುಗಿಯಿತು. ರಮಜಾನಬಿ "ಹಸೀ ಅರಿವಿ ಬಿಚ್ಚರಿ ಮದಲು" ಎಂದು ಬೈದಳು. ಆಮೇಲೆ ಗದ್ದೆಪ್ಪ ಮೆಲ್ಲಗೆ ಕೇಳಿದ:

"ಏನಂದಿ ಮಲೀಕಸಾಬ? ದೋಣ್ಯಾಗ ನೀ ಇದ್ದಿಯೇನು?"

ಬಾಯಿಪಾಠವಾಗಿದ್ದ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. "ನಾನ ಇದ್ದೆ. ಬೇಕಂತ ಮಗುಚೀನಿ. ನಾಳೆನೂ ಮಗುಚಾವ."

"ಹಂಗಾರ ನಮ್ಮ ಹುಡಿಗಿ ದಿಬ್ಬಣ…" ಗದ್ದೆಪ್ಪನ ಕಣ್ಣು ಇನ್ನೂ ಪೂರ್ತಿ ಆರಿರಲಿಲ್ಲ. "ತಪ್ಪು ತಿಳಕೋಬ್ಯಾಡಪ, ಬೀಗರು ಕೇಳೂದಿಲ್ಲ. ಚಾಂದ್‌ಪಾಷಾಗ ಹೇಳ್ತೀನಿ."

ಚಾಂದ್‌ಪಾಷಾ ಮಲೀಕಸಾಬನ ತಮ್ಮನ ಮಗ. ಹರಗೋಲು ಕಟ್ಟಿಸಿ ಮಳೆಗಾಲ ಒಂದೂ ಆಗಿರಲಿಲ್ಲವಾದ್ದರಿಂದ ಅವನ ಹೆಸರಿಗೂ ಕಳಂಕವಿರಲಿಲ್ಲ. ದಿಬ್ಬಣವನ್ನು ಅವನು ನೆಟ್ಟಗೆ ದಾಟಿಸಿದ. ಮಲೀಕಸಾಬ ಆ ದಿನ ಮಡುವಿನಲ್ಲಿ ತಲೆ ತಗ್ಗಿಸಿ ಮೊದಲ ಬಾರಿ ದೋಣಿಸಮೇತ ಎದ್ದು ಕುಳಿತ, ನೋಡಿದವಳು ನಂದಿನಿಯೊಬ್ಬಳೇ.

ಈಗ ಅವನಿಗೆ ಶಿಬಿರದಲ್ಲಿ ನೌಕರಿ ಇದೆ. ಬಲಕ್ಕೆ ಮಗುಚಿದರೆ ಏಳುತ್ತಾನೆ, ಎಡಕ್ಕಿನ್ನೂ ಕಲಿಯುತ್ತಿದ್ದಾನೆ. ಗಡ್ಡಿಯ ಜನ ಚಾಂದ್‌ಪಾಷಾನ ಹರಗೋಲಿನಲ್ಲಿ ದಾಟುತ್ತಾರೆ. ಸಂತೆಗೆ ಹೋಗುವಾಗ ರಮಜಾನಬಿಯೂ ಅದರಲ್ಲೇ ಕೂರುತ್ತಾಳೆ.