ಕೇಳದೆ ತಿನ್ನಿಸಿದ ಅವಲಕ್ಕಿ

ನನ್ನ ಅಕ್ಕನ ಮಗಳಿಗೆ ಶೇಂಗಾ ಆಗುವುದಿಲ್ಲ. ಚಿಟಿಕೆ ಪುಡಿ ಹೊಟ್ಟೆಗೆ ಹೋದರೂ ಮೈಯೆಲ್ಲ ದದ್ದು ಏಳುತ್ತದೆ, ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ. ಇದನ್ನು ಜನರಿಗೆ ಹೇಳಿ ಹೇಳಿ ನಮಗೆ ಸಾಕಾಗಿದೆ. ಮದುವೆ ಊಟದಲ್ಲಿ ಬಡಿಸುವವರು "ಆರಿಸ್ಕೊಂಡು ತಿನ್ನು ಪುಟ್ಟಿ" ಅನ್ನುತ್ತಾರೆ. ಪಕ್ಕದ ಎಲೆಯವರು "ನಮ್ ಕಾಲ್ದಲ್ಲಿ ಇವೆಲ್ಲ ಎಲ್ಲಿತ್ತು ಮಾರಾಯ್ತಿ, ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡ್ಸು" ಎಂದು ಅಕ್ಕನಿಗೇ ಪಾಠ ಹೇಳುತ್ತಾರೆ. ಅಕ್ಕ ಜಗಳಕ್ಕೆ ನಿಲ್ಲುತ್ತಾಳೆ. ನನಗೆ ಅದು ಬರುವುದಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮಾಚೇನಹಳ್ಳಿಯ ವರ್ಕ್‌ಶಾಪ್ ಸೇರಿದವನು ನಾನು. ಡಾಕ್ಟರು ಹೇಳಿದ್ದನ್ನು ನಾಲ್ಕು ಜನರೆದುರು ವಿವರಿಸಬೇಕೆಂದರೆ ನಾಲಿಗೆ ತಡವರಿಸುತ್ತದೆ.

ಕಳೆದ ಬೇಸಿಗೆ ರಜೆಯಲ್ಲಿ ಹುಡುಗಿ ವಾಟರ್ ಪಾರ್ಕ್‌ಗೆ ಹೋಗಲೇಬೇಕೆಂದು ಹಟ ಹಿಡಿದಳು. ಆಗ ಅವಳಿಗೆ ಏಳು ವರ್ಷ. ಬಟ್ಟೆ ಅಂಗಡಿಯ ಕೆಲಸದಿಂದ ಅಕ್ಕನಿಗೆ ರಜೆ ಸಿಗಲಿಲ್ಲ. ನನಗೆ ಸೋಮವಾರ ವಾರದ ರಜೆ. ಭದ್ರಾವತಿಯಿಂದ ಬೈಕಿನಲ್ಲಿ ಬಂದು, ಶಿವಮೊಗ್ಗದ ಸವಳಂಗ ರಸ್ತೆಯ ಅವರ ಮನೆಯಿಂದ ಅವಳನ್ನು ಕೂರಿಸಿಕೊಂಡು ಹೊರಟೆ. ಅಕ್ಕ ಚಪಾತಿ, ಬೀನ್ಸ್ ಪಲ್ಯ ಡಬ್ಬಿಗೆ ಹಾಕಿ ಕೊಟ್ಟಳು. ಅಲರ್ಜಿಯ ಸಿರಪ್ಪನ್ನು ನನ್ನ ಜೇಬಿಗೇ ತುರುಕಿದಳು.

"ಡಬ್ಬಿ ಒಳಗ್ ಬಿಡ್ಲಿಲ್ಲ ಅಂದ್ರೆ ಸುಮ್ನೆ ವಾಪಸ್ ಬಾ. ಗೊತ್ತಾಯ್ತೇನೋ?"

"ಗೊತ್ತಾಯ್ತು ಕಣೆ."

ಗೇಟಿನವನು ಡಬ್ಬಿಯನ್ನು ಒಳಗೆ ಬಿಡಲಿಲ್ಲ.

"ಹೊರಗಿನ ತಿಂಡಿ ಬಿಡಲ್ಲ ಅಣ್ಣ."

"ಮಗೂಗೆ ಅಲರ್ಜಿ ಇದೆ, ಕಂಡಿದ್ದೆಲ್ಲ ತಿನ್ನೋ ಹಾಗಿಲ್ಲ."

"ಎಲ್ರೂ ಅದೇ ಹೇಳ್ತಾರೆ. ನಿನ್ನೆ ಒಬ್ರು ಒಂದ್ ಕುಕ್ಕರ್ ಬಿರಿಯಾನಿ ತಂದು ಅಲರ್ಜಿ ಅಂದ್ರು."

ಹಿಂದಿದ್ದವರು ನಕ್ಕರು. "ಬೇಗ ಮುಗ್ಸು ಮಾರಾಯ, ಬಿಸಿಲಲ್ಲಿ ಮಕ್ಕಳು ಒಣಗ್ತಾ ಇದಾವೆ" ಎಂದು ಒಬ್ಬ ಕೂಗಿದ. ಹುಡುಗಿ ಆಗಲೇ ಒಳಗಿನ ಜಾರುಬಂಡೆ ನೋಡಿ ಕುಣಿಯುತ್ತಿದ್ದಳು. ವಾಪಸ್ ಹೋಗಬೇಕಿತ್ತು. ಡಬ್ಬಿಯನ್ನು ಗೇಟಿನಲ್ಲಿ ಇಟ್ಟು ಒಳಗೆ ಹೋದೆ.

ಮಧ್ಯಾಹ್ನದವರೆಗೆ ನೀರಿನಲ್ಲಿ ಆಡಿ ಹುಡುಗಿ ಹಸಿದಳು. ಗೇಟಿಗೆ ಹೋಗಿ ತಿಂದು ಬರುತ್ತೇವೆ ಎಂದರೆ, ಹೊರಗೆ ಹೋದರೆ ಮತ್ತೆ ಟಿಕೆಟ್ ಎಂದರು. ಗೋಬಿ ಅಂಗಡಿಯಲ್ಲಿ ಯಾವ ಎಣ್ಣೆ ಎಂದು ಕೇಳಿದೆ. "ಒಳ್ಳೇ ಎಣ್ಣೆನೇ ಸಾರ್, ನಾವೂ ಇದ್ನೇ ತಿನ್ನೋದು" ಎಂದ. ಚಿತ್ರಾನ್ನದವನಿಗೆ ಶೇಂಗಾ ಇಲ್ಲದ್ದು ಬೇಕು ಎಂದೆ. ಅವನು ನನ್ನೆದುರೇ ಸೌಟಿನಿಂದ ಕಾಳುಗಳನ್ನು ಬದಿಗೆ ಸರಿಸಿ, "ತಗೊಳ್ಳಿ, ಈಗ ಇಲ್ಲ" ಎಂದ. ಬಿಸ್ಕತ್ತಿನ ಪೊಟ್ಟಣದ ಹಿಂದೆ ಬರೆದದ್ದೆಲ್ಲ ಸಣ್ಣ ಇಂಗ್ಲಿಷ್. ನನಗೆ ಓದಲು ಬರುವುದಿಲ್ಲ, ಓದಿ ಹೇಳಿ ಎಂದು ಕೇಳಲು ನಾಚಿಕೆ. ನನಗೆ ಎಷ್ಟು ರೇಗಿತ್ತೆಂದರೆ, ಹಸಿವು ಹಸಿವು ಎನ್ನುತ್ತಿದ್ದ ಮಗುವಿನ ಮೇಲೂ ಒಮ್ಮೆ ಕೂಗಿಬಿಟ್ಟೆ.

ಅಂಗಡಿ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಕ್ಯಾಂಟೀನು ಇತ್ತು. ಹಣೆಗೆ ವಿಭೂತಿ ಧರಿಸಿದ್ದ ವಯಸ್ಸಾದ ಹೆಂಗಸು ಒಲೆಯ ಮುಂದೆ ನಿಂತಿದ್ದರು. ಡಾಕ್ಟರ ಮಾತಿಗೆ ನಗುವ ಜನ ದೇವರ ಮಾತಿಗೆ ನಗುವುದಿಲ್ಲ ಎಂದು ನನಗೆ ಹೊಳೆಯಿತು. ಉಪವಾಸ ಎಂದರೆ ಬೇರೆ ಪಾತ್ರೆ, ಬೇರೆ ಅಡುಗೆ. ಅದರಲ್ಲಿ ಏನೂ ಬೆರೆಯುವುದಿಲ್ಲ.

"ಅಮ್ಮ, ಮಗು ಸೋಮವಾರದ ಉಪವಾಸ ಮಾಡುತ್ತೆ. ಏನಾದ್ರೂ ಮಡಿಯಾಗಿ ಮಾಡ್ಕೊಡ್ತೀರಾ?"

"ಅಯ್ಯೋ ನನ್ ಕಂದ, ಇಷ್ಟ್ ಚಿಕ್ಕ ವಯಸ್ಸಿಗೆ! ಕೂತ್ಕೊಳ್ಳಪ್ಪ, ಬೇರೇನೇ ಮಾಡ್ತೀನಿ."

ಶೇಂಗಾದ ಮಾತನ್ನೇ ನಾನು ಎತ್ತಲಿಲ್ಲ. ಇನ್ನೊಮ್ಮೆ ನಗೆಪಾಟಲಾಗುವುದು ನನಗೆ ಬೇಕಿರಲಿಲ್ಲ. ಆಕೆ ಪಾತ್ರೆ ತೊಳೆದು, ಕೈ ತೊಳೆದು, ಬೆಲ್ಲದ ಅವಲಕ್ಕಿ ಕಲಸಿ ತಂದರು. ಹುಡುಗಿ ಚಮಚ ಹಿಡಿದು ನನ್ನ ಮುಖ ನೋಡಿದಳು. ತಿನ್ನುವ ಮೊದಲು ಕೇಳಬೇಕೆಂದು ಅಕ್ಕ ಕಲಿಸಿದ್ದಾಳೆ.

"ಮಾಮ, ಶೇಂಗಾ ಇದೆಯಾ ಅಂತ ಕೇಳಿದ್ಯಾ?"

"ಕೇಳಿದೀನಿ, ತಿನ್ನು."

ಉಪವಾಸದ ಮಗುವಿಗೆ ಶಕ್ತಿ ಬರಲೆಂದು ಆಕೆ ಹುರಿದ ಶೇಂಗಾ ಪುಡಿ ಧಾರಾಳವಾಗಿ ಹಾಕಿದ್ದರು. ಅದನ್ನು ಆಕೆಯೇ ಪ್ರೀತಿಯಿಂದ ಹೇಳುವ ಹೊತ್ತಿಗೆ ಹುಡುಗಿ ಕತ್ತು ಕೆರೆದುಕೊಳ್ಳತೊಡಗಿದ್ದಳು. ಸಿರಪ್ ಕುಡಿಸಿದೆ. ತುಟಿ ಊದುತ್ತಲೇ ಹೋಯಿತು. ಯಾರೋ ಪುಣ್ಯಾತ್ಮರು ತಮ್ಮ ಕಾರಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಮುಟ್ಟಿಸಿದರು. ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಿಹೋಯಿತು.

ಅಕ್ಕ ಓಡಿ ಬಂದಳು. "ಕೇಳಿರ್ಲಿಲ್ವೇನೋ?"

"ಕೇಳಿದ್ದೆ ಅಕ್ಕ. ಆ ಹೆಂಗ್ಸು ಇಲ್ಲ ಅಂತ ಸುಳ್ಳು ಹೇಳಿದ್ರು."

ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗಿದ್ದ ಹುಡುಗಿ ಅದನ್ನು ಕೇಳಿಸಿಕೊಂಡಳು. ಮರುದಿನ ಅಕ್ಕ ಪಾರ್ಕಿಗೆ ಹೋಗಿ, ಆ ಹೆಂಗಸಿಗೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದು ಬಂದಳು. ಶೇಂಗಾ ಇದೆಯಾ ಎಂದು ತಮ್ಮನ್ನು ಯಾರೂ ಕೇಳಲಿಲ್ಲ ಎಂದು ಆಕೆ ಅತ್ತರಂತೆ. ಎಂಥ ನಾಟಕ ಅಂತೀಯ ಎಂದು ಅಕ್ಕ ನನಗೇ ಹೇಳಿದಳು. ನಾನು ಹೂಂ ಅಂದೆ.

ಅದಾದ ಮೇಲೆ ಹುಡುಗಿ ಹೊರಗೆ ಏನನ್ನೂ ತಿನ್ನುವುದನ್ನು ಬಿಟ್ಟಳು. ಶಾಲೆಯಲ್ಲಿ ಗೆಳತಿಯ ಹುಟ್ಟುಹಬ್ಬಕ್ಕೆ ಕೊಟ್ಟ ಬಾಳೆಹಣ್ಣನ್ನೂ ಮುಟ್ಟಲಿಲ್ಲ. ಟೀಚರು ಕೇಳಿದ್ದಕ್ಕೆ, "ಕೇಳಿದ್ರೂ ದೊಡ್ಡೋರು ಸುಳ್ಳು ಹೇಳ್ತಾರೆ" ಅಂದಳಂತೆ. ಅಕ್ಕ ಫೋನಿನಲ್ಲಿ ಇದನ್ನು ಹೇಳಿ ಅತ್ತಾಗ ನನಗೆ ಕೂರಲು ಆಗಲಿಲ್ಲ. ಆ ಭಾನುವಾರವೇ ಕೆಲಸಕ್ಕೆ ರಜೆ ಹಾಕಿ ಹೋಗಿ, ಅಡುಗೆಮನೆಯಲ್ಲಿ ನಿಂತು, ನಡೆದದ್ದನ್ನೆಲ್ಲ ಹೇಳಿದೆ.

ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಸ್ಟವ್ ಆರಿಸಿ, "ನಂಗೆ ಹೇಳಿ ಏನ್ ಬಂತೋ? ಅವಳಿಗ್ ಹೇಳು, ಹೋಗು" ಎಂದಳು.

ಹುಡುಗಿ ಹೊರಗೆ ಸೈಕಲ್ಲಿನ ಚೈನು ಏರಿಸುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಆವತ್ತು ನಾನು ಕೇಳಿರ್ಲಿಲ್ಲ ಪುಟ್ಟಿ. ಕೇಳಿದೀನಿ ಅಂತ ನಿಂಗೆ ಸುಳ್ಳು ಹೇಳ್ದೆ."

"ಆ ಅಜ್ಜಿ?"

"ಅವ್ರು ಸುಳ್ಳು ಹೇಳಿಲ್ಲ. ಕೇಳಿದ್ರೆ ಇದೆ ಅಂತಾನೇ ಹೇಳ್ತಿದ್ರು."

ಅವಳು ಗ್ರೀಸು ಮೆತ್ತಿದ ಬೆರಳುಗಳನ್ನು ನೆಲಕ್ಕೆ ಉಜ್ಜಿದಳು. ನಂತರ, "ಮತ್ತೆ ಅಮ್ಮ ಅಜ್ಜಿಗೆ ಸುಮ್ ಸುಮ್ನೆ ಬೈದ್ಲಲ್ಲ" ಅಂದಳು. ನಾನು ಚೈನನ್ನು ಚಕ್ರದ ಹಲ್ಲಿಗೆ ಕೂರಿಸಿ ಕೊಟ್ಟೆ.

"ಇನ್ಮೇಲೆ ನೀನ್ ಕೇಳ್ಬೇಡ ಮಾಮ. ನಾನೇ ಕೇಳ್ತೀನಿ" ಎಂದು ಸೈಕಲ್ ಹತ್ತಿ ಹೋದಳು.