ಗುಂಡಿ ಒತ್ತುವವಳು

ಬಾನುಲಿ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಫೋನಕ್ಕ ಎನ್ನುತ್ತಿದ್ದರು. ಬೆಳಗಿನ ಕಾರ್ಯಕ್ರಮಕ್ಕೆ ಬರುವ ಕರೆಗಳನ್ನು ಮೊದಲು ಎತ್ತುವವಳು ಅವಳೇ. ಮಾತು ಖಾರವಾಗಿದ್ದರೆ ಗಾಜಿನ ಗೋಡೆಯಾಚೆ ಕೂತ ನಿರೂಪಕನಿಗೆ ದಾಟಿಸಬೇಕು, ಸಪ್ಪೆಯಾಗಿದ್ದರೆ ನಯವಾಗಿ ಸಾಗಹಾಕಬೇಕು. ಆ ನಿರೂಪಕನಿಗೆ ಜನ ಇಟ್ಟ ಹೆಸರು ಸಿಡಿಲು. ಮುಖಕ್ಕೆ ಹೊಡೆದಂತೆ ಮಾತಾಡುತ್ತಾನೆಂದೇ ಅವನ ಕಾರ್ಯಕ್ರಮಕ್ಕೆ ಕೇಳುಗರು ಮುಗಿಬೀಳುತ್ತಿದ್ದರು. ಸೇತುವೆ ಆದಮೇಲೆ ಹೊಳೆಯಾಚೆಯಿಂದ ಬಂದು ನೆಲೆಸಿದವರೇ ಈಚೆಗೆ ಅವನ ಬಾಯಿಗೆ ಆಹಾರ. ಅವನ ಪ್ರಕಾರ ಊರವರ ಕೆಲಸ ಕಿತ್ತುಕೊಂಡವರು ಅವರು, ಬಾಡಿಗೆ ಏರಿಸಿದವರೂ ಅವರೇ.

ಫೋನಕ್ಕನಿಗೆ ಇದು ಹಿಡಿಸುತ್ತಿರಲಿಲ್ಲ. ಮಾತಾಡುವವನು ಅವನು, ತಾನು ಬರೀ ಗುಂಡಿ ಒತ್ತುವವಳು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೇ ವರ್ಷಗಳನ್ನು ತಳ್ಳಿದ್ದಳು.

ಒಂದು ಬೆಳಿಗ್ಗೆ ಫೋನೆತ್ತಿದರೆ ಆ ಕಡೆ ಅವಳ ಅಮ್ಮ.

"ನೀನೇನಾ? ಒಳ್ಳೇದಾಯ್ತು. ಅವನಿಗೆ ಕೊಡು. ಎದುರುಮನೆ ದರ್ಜಿ ವಿಷಯ ಮಾತಾಡ್ಬೇಕು."

"ಅಮ್ಮ, ಮನೇಲಿ ಮಾತಾಡೋಣ. ಇಡು."

"ಊರೋರಿಗೆಲ್ಲ ಕೊಡ್ತೀಯ, ಹೆತ್ತವಳಿಗೆ ಮಾತ್ರ ಇಲ್ವಾ?"

ಗಾಜಿನಾಚೆ ಸಿಡಿಲು ಮುಂದಿನ ಕರೆಗಾಗಿ ಕೈಸನ್ನೆ ಮಾಡುತ್ತಿದ್ದ. ಅವಳ ಬೆರಳು ತಾನಾಗಿಯೇ ಗುಂಡಿಯ ಮೇಲೆ ಬಿತ್ತು.

ಅಮ್ಮ ಬೀದಿಯ ಹೆಸರು, ಅಂಗಡಿಯ ಗುರುತು ಎಲ್ಲವನ್ನೂ ಹೇಳಿಬಿಟ್ಟಳು. ಹೊಳೆಯಾಚೆಯ ಆ ದರ್ಜಿ ನಂಟರನ್ನೆಲ್ಲ ಕರೆತಂದು ತುಂಬಿಸಿಕೊಳ್ಳುತ್ತಿದ್ದಾನೆ, ನಾಳೆ ಬೀದಿಯೇ ಅವರದಾಗುತ್ತದೆ ಎಂದಳು. ಸಿಡಿಲು ಉರಿಯುವ ಬೆಂಕಿಗೆ ತುಪ್ಪ ಸುರಿದ. "ಅಂಥವರ ಅಂಗಡಿಗೆ ನೀವ್ಯಾಕೆ ಹೋಗ್ತೀರಿ?" ಎಂದು ಊರನ್ನೇ ಕೇಳಿದ. ಹಿಂದಿನ ವರ್ಷ ಅಮ್ಮ ಕಾಲು ಮುರಿದುಕೊಂಡಾಗ ಮೈ ತೊಳೆದು, ತಲೆ ಬಾಚಿ, ಉಣ್ಣಿಸಿದವಳು ಆ ದರ್ಜಿಯ ಹೆಂಡತಿ ಎಂಬುದು ಕೇಳುಗರಿಗೆ ಹೇಗೆ ಗೊತ್ತಾಗಬೇಕು?

ಸಂಜೆ ಮನೆಗೆ ಬಂದಾಗ ದರ್ಜಿಯ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಗಿರಾಕಿಗಳು ಅರೆಹೊಲಿದ ಬಟ್ಟೆಗಳನ್ನೂ ವಾಪಸ್ ಒಯ್ದಿದ್ದರು. ಹೆಂಡತಿ ನೆಲದ ಮೇಲಿನ ಚೂರುಬಟ್ಟೆ ಗುಡಿಸುತ್ತಿದ್ದಳು.

"ಬೇಜಾರಿಲ್ಲ ಅಂತ ಸುಳ್ಳು ಹೇಳಲ್ಲ," ಎಂದಳು ತಲೆಯೆತ್ತದೆ. "ನಿಮ್ಮಮ್ಮ ವಯಸ್ಸಾದೋರು, ದಿನಾ ರೇಡಿಯೋದಲ್ಲಿ ಅದನ್ನೇ ಕೇಳ್ತಾರೆ. ಆದ್ರೆ ಫೋನು ನಿನ್ನ ಕೈಲಿತ್ತಲ್ಲ ತಂಗಿ?"

ಫೋನಕ್ಕ ಬಗ್ಗಿ ಕಾಲಬಳಿಯ ಚೂರುಬಟ್ಟೆ ಆಯ್ದುಕೊಟ್ಟು ಮನೆಗೆ ನಡೆದಳು.

ಮರುದಿನ ದರ್ಜಿಯ ಹೆಂಡತಿಗೂ ಮಾತಾಡಲು ಅವಕಾಶ ಕೊಡಬೇಕೆಂದು ಸಿಡಿಲನ್ನು ಕೇಳಿದಳು.

"ಅಳೋರು ಬೇಡ. ಕಿತ್ತಾಡೋರನ್ನ ಹುಡುಕು," ಎಂದ ಅವನು, ಕಾಫಿ ಕಲಕುತ್ತ.

ಕಾರ್ಯಕ್ರಮ ಶುರುವಾಯಿತು. ಮೊದಲ ಕರೆಗೆ ಅವನು ಕಾಯುತ್ತಿದ್ದಾಗ ಫೋನಕ್ಕ ತನ್ನ ಫೋನನ್ನೇ ಅವನಿಗೆ ಜೋಡಿಸಿ ಮಾತಾಡಿದಳು.

"ನಿನ್ನೆ ಮಾತಾಡಿದ್ದು ನಮ್ಮಮ್ಮ. ಅವಳ ಕಾಲು ಮುರಿದಾಗ ನೋಡ್ಕೊಂಡಿದ್ದು ಆ ದರ್ಜಿ ಮನೆಯೋರು. ಅದನ್ನ ಅವಳು ಹೇಳಲಿಲ್ಲ. ಗೊತ್ತಿದ್ದೂ ಆ ಕರೆ ದಾಟಿಸಿದ್ದು ನಾನು."

ಅಷ್ಟರಲ್ಲಿ ಸಿಡಿಲು ಅವಳ ಮಾತು ಕತ್ತರಿಸಿ ಹಾಡು ಹಾಕಿದ. ಅವಳ ಕೆಲಸವೂ ಅಲ್ಲಿಗೆ ಹೋಯಿತು.

"ಊರ ಮುಂದೆ ನನ್ನ ಮಾನ ತೆಗೆದೆಯಲ್ಲೇ," ಎಂದು ಅಮ್ಮ ಮುಖ ತಿರುಗಿಸಿದಳು. ಮಾತು ಬಿಟ್ಟಳು. ರೇಡಿಯೋ ಮಾತ್ರ ಬಿಡಲಿಲ್ಲ, ಸದ್ದು ತಗ್ಗಿಸಿ ಕೇಳತೊಡಗಿದಳು. ದರ್ಜಿಯ ಹಳೆಯ ಗಿರಾಕಿಗಳಲ್ಲಿ ಕೆಲವರು ಮರಳಿದರು, ಹೆಚ್ಚಿನವರು ಬರಲಿಲ್ಲ. ಫೋನಕ್ಕ ಆಸ್ಪತ್ರೆಯೊಂದರಲ್ಲಿ ಫೋನೆತ್ತುವ ಕೆಲಸಕ್ಕೆ ಸೇರಿದಳು.

ಒಂದು ಮಧ್ಯಾಹ್ನ ಅಮ್ಮ ಹರಿದ ದಿಂಬಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇದನ್ನ ಹೊಲಿಸ್ಕೊಂಡು ಬಾ."

"ನೀನೇ ಹೋಗಮ್ಮ."

ಅಮ್ಮ ಗೊಣಗುತ್ತ ಮೆಟ್ಟಿಲಿಳಿದಳು. ಬೀದಿಯ ನಡುವೆ ನಿಂತಳು, ಅತ್ತಿತ್ತ ನೋಡಿದಳು, ಹಿಂದಕ್ಕೆ ಬಂದಳು. ನೀರು ಕುಡಿದು ಮತ್ತೆ ಹೊರಟಳು. ಈ ಸಲ ಅಂಗಡಿಯ ಹೊಸ್ತಿಲವರೆಗೂ ಹೋದಳು. ಒಳಗೆ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು. ದರ್ಜಿಯ ಹೆಂಡತಿ ಕೈ ಚಾಚಿ ಚೀಲ ತೆಗೆದುಕೊಂಡಳು. ಆದರೆ ಒಳಗೆ ಬನ್ನಿ ಎನ್ನಲಿಲ್ಲ.